ಕೇಳದೆ ಕೊಟ್ಟ ಸೆಟ್

ಮೊದಲನೆಯ ದೋಸೆ ಕಾವಲಿಯಿಂದ ಎದ್ದಿತ್ತು, ಎರಡನೆಯದರ ಮೇಲೆ ಮುಚ್ಚಳವಿತ್ತು, ಮೂರನೆಯದಕ್ಕೆ ಸೌಟು ಇನ್ನೂ ಹಿಟ್ಟಿನೊಳಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಹೋಟೆಲ್ ರುದ್ರಣ್ಣ ಹೀಗೆಯೇ ಬರುತ್ತಾರೆ. ಬಾಗಿಲು ಬಡಿಯುವುದಿಲ್ಲ, ಹೆಸರು ಕೂಗುವುದಿಲ್ಲ, ಕೆಮ್ಮುತ್ತಾರೆ.

"ಅಕ್ಕಾ, ಸೆಟ್ ಇದೆಯಾ?"

"ಒಂದು ನಿಮಿಷ ರುದ್ರಣ್ಣ, ಇದೊಂದು ಎಬ್ಬಿಸಿಬಿಡ್ತೀನಿ."

"ಗಿರಾಕಿ ಕೂತಿದಾರೆ ಅಕ್ಕಾ. ಆಗ್ಲಿಂದ ಒಂಟಿ ದೋಸೆ ತಿನ್ಕೊಂಡು ನನ್ನ ಮುಖಾನೇ ನೋಡ್ತಾ ಇದಾರೆ."

ಒಲೆ ಸಣ್ಣದು ಮಾಡಿ ಹೊರಗೆ ಬಂದು, ಬಾಗಿಲ ಚೌಕಟ್ಟಿಗೆ ಕೈಯಿಟ್ಟು, "ಇದೆ, ತಗೊಂಡ್ಹೋಗಿ" ಎಂದೆ. ರುದ್ರಣ್ಣ ಹೆಗಲ ಟವೆಲನ್ನು ಬಿಚ್ಚಿ, ಗಾಳಿಯನ್ನೇ ಕಟ್ಟಿಕೊಂಡವರಂತೆ ಗಂಟು ಹಾಕಿ, ಅದನ್ನು ಕಂಕುಳಲ್ಲಿಟ್ಟುಕೊಂಡು ಓಡಿದರು. ಒಳಗೆ ಬಂದು ಮೂರನೆಯದನ್ನೂ ಹುಯ್ದು ಎಬ್ಬಿಸಿ, ಮೂರು ದೋಸೆಯನ್ನೂ ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟೆ. ಮೂರನೆಯದು ಜಾರಿ ನೆಲಕ್ಕೆ ಬಿತ್ತು.

"ಬೀಳುತ್ತೆ ಅಂತ ಗೊತ್ತಿದ್ದೂ ಯಾಕಮ್ಮ ಇಟ್ಟೆ?" ಎಂದಳು ಹೊನ್ನಿ. "ದೋಸೆಗೆ ನೋವಾಗುತ್ತಾ? ರುದ್ರಣ್ಣ ಮಾಮನಿಗೆ ದಿನಾ ಕೆಮ್ಮು ಯಾಕೆ? ಇವತ್ತೂ ಸ್ಕೂಲಿಗೆ ಹೋಗ್ಬೇಕಾ?"

ನನ್ನ ಮಗಳು ಮನೆಯೊಳಗೆ ಹೀಗೆ. ಹೊಸ್ತಿಲು ದಾಟಿದರೆ ಒಂದು ಮಾತಿಲ್ಲ.

ನಾವು ಈ ಊರಿಗೆ ಬಂದದ್ದು ನಮ್ಮನೆಯವರಿಗೆ ಇಲ್ಲಿನ ಬಸ್ ಡಿಪೋಗೆ ವರ್ಗವಾದ ಮೇಲೆ. ಮನೆಯ ಯಜಮಾನರು ನೀರು ಬರುವ ಹೊತ್ತು, ಕರೆಂಟಿನ ಮೀಟರು, ಹಿತ್ತಿಲ ಕರಿಬೇವು ಎಲ್ಲ ತೋರಿಸಿ, ಬೀಗದ ಕೈ ಕೊಡುತ್ತಾ, "ಈ ಮನೇದು ಸೆಟ್ ದೋಸೆ" ಎಂದರು. ಬಾಡಿಗೆಯಲ್ಲಿ ತಿಂಡಿಯೂ ಸೇರಿದೆಯೇನೋ ಎಂದು ನಾನು ಸಂತೋಷಪಟ್ಟೆ. ಮರುದಿನ ಬೆಳಗ್ಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿದಾಗಲೇ ವಿಷಯ ತಿಳಿದದ್ದು.

ಸೆಟ್ ಎನ್ನುವ ಒಂದೇ ಒಂದು ಇಂಗ್ಲಿಷ್ ಮಾತಿಗೆ ಎಷ್ಟು ಅರ್ಥಗಳಿವೆಯೋ ಈ ಊರಿನಲ್ಲಿ ಅಷ್ಟು ಮನೆಗಳಿವೆ. ಮನೆಗೊಂದು ಅರ್ಥ, ಬೇಕಾದವರು ಆ ಮನೆಗೆ ಹೋಗಿ ಎರವಲು ತರಬೇಕು. ನಮ್ಮದು ದೋಸೆಯದು. ಮೇಸ್ತ್ರಿ ದಾದಾಪೀರ್ ಅವರ ಮನೆಯದು ಸಿಮೆಂಟ್ ಸೆಟ್ ಆಗುವುದು; ಅವರನ್ನು ಕೇಳದೆ ಕಟ್ಟಿದ ಗೋಡೆ ಸಂಜೆಗೆ ಅಂಬಲಿಯಾಗುತ್ತದೆ. ಅಲಾರಾಂ ಒಬ್ಬರದು, ಪಂಪ್‌ಸೆಟ್ ಒಬ್ಬರದು, ಬಳೆ ಸೆಟ್ ಒಬ್ಬರದು. ಹಲ್ಲುಸೆಟ್ಟು ಹಾಲಪ್ಪಜ್ಜನದು. ಊರಿನ ಮುದುಕರೆಲ್ಲ ಊಟದ ಹೊತ್ತಿಗೆ ಸರದಿಯ ಮೇಲೆ ಅವರ ಜಗಲಿಗೆ ಬಂದು ಕೇಳಿಕೊಂಡು ಹೋಗುತ್ತಾರೆ. ಅಜ್ಜ ಮೊದಲು ತಮ್ಮ ಊಟ ಮುಗಿಸಿ ಆಮೇಲೆ ಕೊಡುತ್ತಾರೆ, ಕೊಟ್ಟ ಮೇಲೆ ಒಳಗೆ ಹೋಗಿ ಮುಖದ ಮೇಲೆ ಪಂಚೆ ಹೊದ್ದು ಮಲಗಿಬಿಡುತ್ತಾರೆ. ಹಲ್ಲಿಲ್ಲದ ಅವರ ಬಾಯನ್ನು ಊರಿನಲ್ಲಿ ಯಾರೂ ನೋಡಿದ್ದಿಲ್ಲ. ಎಚ್ಚರವಿದ್ದಾಗಲೆಲ್ಲ ಅವರ ಹಲ್ಲು ಹೊಸ ಬೇಲಿಯ ಹಾಗೆ ಬೆಳ್ಳಗೆ, ಸಾಲಾಗಿ ಇರುತ್ತದೆ.

ಹುಡುಗ ಹುಡುಗಿ ಸೆಟ್ ಆಗುವ ಅರ್ಥ ಯಾರ ಪಾಲಿಗೆ ಬಂದಿದೆ ನೋಡಿ, ಮದುವೆಯೇ ಆಗದ ಪೀಟಿ ಮೇಷ್ಟ್ರು ಓಬಳೇಶಪ್ಪನವರ ಪಾಲಿಗೆ. ಹುಡುಗರು ತಲೆ ಬಾಚಿಕೊಂಡು, ಬೆವರುತ್ತಾ ಹೋಗಿ ಕೇಳುತ್ತಾರೆ. ಮೇಷ್ಟ್ರು ಕೂಡಲೇ ಕೊಡುವವರಲ್ಲ. "ಮೈದಾನ ಸುತ್ತಿ ಬಾ. ಆಮೇಲೂ ಬೇಕು ಅನ್ನಿಸಿದ್ರೆ ನೋಡೋಣ" ಎನ್ನುತ್ತಾರೆ. ಅರ್ಧದಷ್ಟು ಜನ ಮೈದಾನದಿಂದಲೇ ಮನೆಗೆ ಹೋಗುತ್ತಾರೆ.

ತೆಗೆದುಕೊಂಡು ಹೋದದ್ದನ್ನು ದೀಪ ಹಚ್ಚುವ ಹೊತ್ತಿಗೆ ತಂದುಕೊಡಬೇಕು. ಬೇಕಾದವರು ತಮ್ಮ ಬಾಯಿಯಿಂದಲೇ ಕೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಕೇಳಿದರೆ ನಡೆಯುವುದಿಲ್ಲ. ಕೇಳದವರಿಗೆ ಕೊಡಬಾರದು. ಯಾಕೆ ಕೊಡಬಾರದು ಎಂದು ಯಾರಿಗೂ ಗೊತ್ತಿರಲಿಲ್ಲ, ಕೊಟ್ಟು ನೋಡಿದವರಿರಲಿಲ್ಲ.

ಹೊಸ ಜಾಗಕ್ಕೆ ಬಂದವರು ಸೆಟ್ ಆಗುತ್ತಾರಲ್ಲ, ಆ ಅರ್ಥ ಬೀದಿಯ ಮೂಲೆಯಲ್ಲಿ ರವಿಕೆ ಹೊಲಿಯುವ ಹನುಮಕ್ಕನದು. ಹೊಸ ಸೊಸೆಯರು, ವರ್ಗವಾಗಿ ಬಂದ ಗುಮಾಸ್ತರು ಎಲ್ಲರೂ ಮೊದಲು ಅವರ ಮನೆಗೆ ಹೋಗುತ್ತಾರೆ. ಎಮ್ಮೆಗಳಿಗೆ ಕೇಳಲು ಬರುವುದಿಲ್ಲ. ಆದ್ದರಿಂದ ಈ ಊರಿಗೆ ಕೊಂಡು ತಂದ ಎಮ್ಮೆಗಳೆಲ್ಲ ಇವತ್ತಿಗೂ ತಮ್ಮ ಹಳೆಯ ಊರಿನ ದಿಕ್ಕಿಗೆ ಮುಖ ಮಾಡಿ ನಿಂತೇ ಹಾಲು ಕೊಡುತ್ತವೆ. ನಮ್ಮನೆಯವರು ವಿಷಯ ತಿಳಿದ ದಿನವೇ ಹೋಗಿ ಕೇಳಿದರು, ಸಂಜೆಯ ಹೊತ್ತಿಗೆ ಡಿಪೋದಲ್ಲಿ ಇಸ್ಪೀಟು ಆಡುತ್ತಾ, ಅಲ್ಲಿನವರ ಅಡ್ಡಹೆಸರು ಹಿಡಿದು ಕೂಗುತ್ತಿದ್ದರು. ನಾನು ಮಾತ್ರ ಕೇಳಲಿಲ್ಲ. ಹೊನ್ನಿ ಮೊದಲು ಕೇಳಲಿ, ಅವಳ ಹಿಂದೆ ನಾನು, ಎಂದುಕೊಂಡೆ.

ಹೊನ್ನಿ ಕೇಳಲಿಲ್ಲ.

ದಿನಾ ಬೆಳಗ್ಗೆ ಶಾಲೆಗೆ ಹೋಗುವಾಗ ಹನುಮಕ್ಕನ ಬಾಗಿಲಲ್ಲಿ ಅವಳನ್ನು ನಿಲ್ಲಿಸುತ್ತಿದ್ದೆ. ಹನುಮಕ್ಕ ಹೊಲಿಗೆ ಮಿಷನ್ನಿನಿಂದ ಕಾಲು ತೆಗೆದು, ಕನ್ನಡಕ ಹಣೆಗೇರಿಸಿ, "ಏನು ಕಂದಾ, ಏನಾದ್ರೂ ಬೇಕಿತ್ತಾ?" ಎನ್ನುತ್ತಿದ್ದರು. ಹೊನ್ನಿ ತನ್ನ ಚಪ್ಪಲಿ ನೋಡುತ್ತಿದ್ದಳು. ಹನುಮಕ್ಕ ಬಾಯನ್ನು ಅಗಲ ಮಾಡಿ, ಸದ್ದಿಲ್ಲದೆ, ಸೆಟ್ ಎಂದು ತೋರಿಸಿಕೊಡುತ್ತಿದ್ದರು. ಅದು ಕೊಟ್ಟಂತಾಗುತ್ತದೋ ಏನೋ ಎಂಬ ಭಯದಿಂದ ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ನಾವು ಹೊರಡುತ್ತಿದ್ದೆವು.

ಸಂಜೆ ಅವಳ ಚೀಲ ತೆಗೆದರೆ ನೀರಿನ ಬಾಟ್ಲಿ ತುಂಬಿದಂತೆಯೇ ಇರುತ್ತಿತ್ತು. "ಯಾಕೆ ಮಗಾ, ನೀರು ಕುಡೀಲಿಲ್ವಾ?" ಎಂದರೆ, "ಮುಚ್ಚಳ ಬಿಗಿ ಇತ್ತಮ್ಮ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಹುಡುಗಿಗೆ, ಟೀಚರಿಗೆ, ಯಾರಿಗಾದರೂ ಒಬ್ಬರಿಗೆ ಇದೊಂದು ತೆಗೆದುಕೊಡಿ ಎಂದು ಕೇಳಿದ್ದರೆ ಆಗುತ್ತಿತ್ತು. ಮುಚ್ಚಳ ಸಡಿಲವಾಗಿ ಹಾಕಿ ಕಳಿಸಿದೆ, ಚೀಲವೆಲ್ಲ ಒದ್ದೆಯಾಯಿತು. ಬಾಟ್ಲಿ ಬದಲಾಯಿಸಿದೆ. ಆದರೆ ಒಂದಕ್ಕೆ ಹೋಗಬೇಕು ಎಂದು ಕೇಳುವುದಕ್ಕೆ ಬದಲಿ ಬಾಟ್ಲಿ ಎಲ್ಲಿಂದ ತರುವುದು? ಕೆಲವು ದಿನ ಲಂಗ ಒದ್ದೆ ಮಾಡಿಕೊಂಡು, ಚೀಲವನ್ನು ಹಿಂದಕ್ಕೆ ಅಡ್ಡ ಹಿಡಿದು ಮನೆಗೆ ಬರುತ್ತಿದ್ದಳು. ನಾನು ಬಿಸಿನೀರು ತೋಡುತ್ತಿದ್ದೆ.

ಒಂದು ದಿನ ನಮ್ಮನೆಯವರು ಉಪಾಯ ಹೇಳಿದರು. "ನೀನು ಅವಳ ಹಿಂದೆ ಬಗ್ಗಿ ನಿಂತ್ಕೊಂಡು ಸಣ್ಣ ದನೀಲಿ ಕೇಳಿಬಿಡು. ಹನುಮಕ್ಕಂಗೆ ಹೇಗೂ ಕಿವಿ ಮಂದ."

"ಹನುಮಕ್ಕಂಗೆ ಮಂದ ಕಣ್ರೀ, ಸೆಟ್ಟಿಗಲ್ಲ."

ಹಾಗೆಂದರೂ ಮರುದಿನ ಹೋದೆ. ತಾಯಿಯಾದವಳು ಹಾಗೆಯೇ. ಹೊನ್ನಿಯ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೂಗು ಹಿಡಿದುಕೊಂಡು, "ಅಜ್ಜೀ, ಸೆಟ್ ಇದೆಯಾ" ಎಂದೆ. ಹನುಮಕ್ಕ ಕಣ್ಣೊರೆಸಿಕೊಂಡು, "ಇದೆ ಕಣೇ ಬಂಗಾರ, ತಗೊಂಡ್ಹೋಗು" ಎಂದರು. ಶಾಲೆಯ ಗೇಟಿನವರೆಗೆ ಹೊನ್ನಿಯ ಮುಖವನ್ನೇ ನೋಡುತ್ತಾ ನಡೆದೆ. ಏನೂ ಆಗಲಿಲ್ಲ. ವಾಪಸು ಬರುವಾಗ ನನಗೇ ಆಯಿತು. ಯಾವ ಅಂಗಡಿಯ ಕೊತ್ತಂಬರಿ ತಾಜಾ ಎಂದು ತಾನಾಗಿ ತಿಳಿಯಿತು. ಎದುರು ಮನೆಯಾಕೆಯ ಹತ್ತಿರ ಅವರ ನಾದಿನಿಯ ವಿಷಯ ಅರ್ಧ ಗಂಟೆ ಮಾತಾಡಿದೆ. ಸಂಜೆ ಹೊನ್ನಿಯನ್ನು ಕರೆದುಕೊಂಡು ಬರುವಾಗ, ದಾರಿಗೆ ಮುಸುರೆ ಚೆಲ್ಲುತ್ತಿದ್ದವನೊಬ್ಬನಿಗೆ, "ನಮ್ಮ ಬೀದೀಲಿ ಇದೆಲ್ಲ ನಡಿಯಲ್ಲಪ್ಪ" ಎಂದು ಗದರಿದೆ.

ಹೊಸ್ತಿಲು ದಾಟಿದ ಕೂಡಲೇ ಹೊನ್ನಿ ಕೇಳಿದಳು. "ಅಮ್ಮಾ, ನಮ್ಮ ಬೀದಿ ಅಂದ್ಯಲ್ಲ, ಅದು ಯಾವುದು?"

ದೀಪ ಹಚ್ಚುವ ಮೊದಲು ಹೋಗಿ ಹನುಮಕ್ಕನಿಗೆ ತಪ್ಪೊಪ್ಪಿಕೊಂಡು ಅರ್ಥವನ್ನು ವಾಪಸು ಕೊಟ್ಟೆ. ಆದರೆ ಒಮ್ಮೆ ಗಟ್ಟಿಯಾದ ಸಿಮೆಂಟು, ಅರ್ಥ ಹಿಂದಿರುಗಿಸಿದರೂ ಕರಗುವುದಿಲ್ಲ, ನಾನೂ ಕರಗಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಕೈ ಹಿಡಿದುಕೊಂಡು ಪರ ಊರಿನಲ್ಲಿ ನಡೆಯುತ್ತಿದ್ದೆವು. ಈಗ ಅವಳೊಬ್ಬಳೇ ಪರ ಊರಿನಲ್ಲಿ ನಡೆಯುತ್ತಿದ್ದಳು, ನಾನು ಕೈ ಹಿಡಿದುಕೊಂಡಿದ್ದೆ, ಅಷ್ಟೆ.

ಊರಿನವರಿಗೆಲ್ಲ ಇದು ಕಾಣುತ್ತಿತ್ತು. ಅವಳು ಹನುಮಕ್ಕನ ಬಾಗಿಲಲ್ಲಿ ನಿಂತಿರುವಷ್ಟು ಹೊತ್ತು ದಾದಾಪೀರ್ ಕರಣೆ ಕೆಳಗಿಟ್ಟು ಕಾಯುತ್ತಿದ್ದರು. ಓಬಳೇಶಪ್ಪ ಮೇಷ್ಟ್ರು ಸೀಟಿಯನ್ನು ತುಟಿಯಲ್ಲಿಟ್ಟುಕೊಂಡು ಊದದೆ ನಿಲ್ಲುತ್ತಿದ್ದರು. ಅವಳು ಕೇಳದೆ ತಿರುಗಿದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

ಹೊನ್ನಿಯ ಹುಟ್ಟುಹಬ್ಬ ಬಂತು. ರವೆ ಉಂಡೆ ಮಾಡಿ, ಬೀದಿಯವರನ್ನೆಲ್ಲ ಸಂಜೆಗೆ ಕರೆದೆ. ಎಲ್ಲರೂ ಬಂದರು. ಹೊನ್ನಿ ಕೋಣೆಯ ಬಾಗಿಲಿಗೆ ಅಂಟಿ ನಿಂತಿದ್ದಳು, ಮನೆಯೊಳಗೇ ಇದ್ದರೂ ಹೊರಗಿನವರಿದ್ದಾರೆಂದು ಬಾಯಿ ಬಿಡಲಿಲ್ಲ. ಬಂದವರು ಒಬ್ಬೊಬ್ಬರಾಗಿ ಹೋಗಿ ಅವಳನ್ನು ಹರಸಿದರು. ದಾದಾಪೀರ್ ಅವಳ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಏನೋ ಅಂದರು. ಹಾಲಪ್ಪಜ್ಜ ಕಿವಿಯಲ್ಲಿ ಪಿಸುಗುಟ್ಟಿದರು. ಹನುಮಕ್ಕ ತಾವೇ ಹೊಲಿದ ಲಂಗ ಕೊಟ್ಟು ತಲೆ ಸವರಿದರು. ಓಬಳೇಶಪ್ಪ ಮೇಷ್ಟ್ರು ಆ ಕಡೆ ಈ ಕಡೆ ನೋಡಿ ಅವಳ ಬೆನ್ನು ತಟ್ಟಿ, ಉಂಡೆ ತಿನ್ನದೆ ಓಡಿಹೋದರು. ನಾನು ಎಲ್ಲವನ್ನೂ ಆಶೀರ್ವಾದವೆಂದುಕೊಂಡೆ.

ಎಲ್ಲರೂ ಹೋದ ಮೇಲೆ ಅವಳ ತಲೆ ಬಾಚುತ್ತಾ ಕೂತೆ. ಜಡೆಗೆ ಮೂರು ಕಾಲು ಮಾಡಿದೆ. ಮೂರು ದೋಸೆ ಒಂದು ತಟ್ಟೆಯಲ್ಲಿ ಒಂದಕ್ಕೊಂದು ಒರಗಿ ಕೂರುವ ಹಾಗೆ ಇವಳೂ ಶಾಲೆಯಲ್ಲಿ ಯಾರ ಪಕ್ಕದಲ್ಲಾದರೂ ಒರಗಿ ಕೂರಲಿ ಎನ್ನಿಸಿತು. ನಮ್ಮ ಮನೆಯಲ್ಲಿದ್ದದ್ದು ಅದೊಂದೇ. ಅವಳ ನೆತ್ತಿಯ ಮೇಲೆ ಕೈಯಿಟ್ಟು, "ತಗೋ ಮಗಾ" ಎಂದುಬಿಟ್ಟೆ. ಕೇಳದೆ ಕೊಡಬಾರದು ಎಂಬುದು ಗೊತ್ತಿತ್ತು. ಒಬ್ಬಳು ಮೀರಿದರೆ ಏನು ಮಹಾ ಆಗುತ್ತದೆ?

ಬೆಳಗ್ಗೆ ಬಾಗಿಲಲ್ಲಿ ಕೆಮ್ಮು. "ಅಕ್ಕಾ, ಸೆಟ್ ಇದೆಯಾ?"

"ಇಲ್ಲ ರುದ್ರಣ್ಣ" ಎಂದೆ.

"ಇಲ್ಲ ಅಂದ್ರೆ? ನನಗಿಂತ ಮುಂಚೆ ಯಾರು ಬಂದ್ರು?"

"ಯಾರೂ ಬಂದಿಲ್ಲ. ಆದ್ರೆ ಇಲ್ಲ."

ರುದ್ರಣ್ಣ ಕೆಮ್ಮುವುದನ್ನೂ ಮರೆತು ನಿಂತಿದ್ದರು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ದಾದಾಪೀರ್ ಬಂದರು, ಮೊಣಕಾಲಿನವರೆಗೆ ಸಿಮೆಂಟು. ಹಿಂದಿನ ಸಂಜೆ ಹಾಕಿದ, ಇನ್ನೂ ಗಟ್ಟಿಯಾಗದಿದ್ದ ಶಾಲೆಯ ಕಟ್ಟೆ ಗಂಜಿಯ ಹಾಗೆ ಹರಿದಿದೆಯಂತೆ, ಎರಡು ಕೋಳಿ ಅದರಲ್ಲಿ ಈಜುತ್ತಿವೆಯಂತೆ. ಅವರ ಹಿಂದೆ ಮೇಷ್ಟ್ರು. ಇನ್ನೂ ಪೂರ್ತಿ ಸೆಟ್ ಆಗಿರದ, ಮುಂದಿನ ತಿಂಗಳು ಮದುವೆಯಾಗಬೇಕಿದ್ದ ಹುಡುಗ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಎದುರುಬದುರು ಕೂತು, "ತಮ್ಮದು ಯಾವೂರಾಯ್ತು?" "ತಮ್ಮದು?" ಎಂದು ಕೇಳಿಕೊಳ್ಳುತ್ತಿದ್ದಾರಂತೆ. ಹನುಮಕ್ಕ ಬಂದರು, ಅವರ ಜೊತೆ ನಿನ್ನೆ ತಾನೇ ಬಂದ ಹೊಸ ಸೊಸೆಯೊಬ್ಬಳು ಪೆಟ್ಟಿಗೆ ಕೆಳಗಿಡಲೊಪ್ಪದೆ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಕೊನೆಗೆ ಹಾಲಪ್ಪಜ್ಜ ಬಂದರು, ಮುಖದ ಅರ್ಧಕ್ಕೆ ಟವೆಲು ಸುತ್ತಿಕೊಂಡು.

ಎಲ್ಲರೂ ನಮ್ಮ ಅಂಗಳದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು.

"ನೀವೂನಾ?" ಎಂದರು ದಾದಾಪೀರ್, ಮೇಷ್ಟ್ರಿಗೆ.

"ಒಬ್ಬಳಾದ್ರೂ ಫ್ರೆಂಡ್ ಸೆಟ್ ಆಗ್ಲಿ ಅಂತ" ಎಂದರು ಮೇಷ್ಟ್ರು ನೆಲ ನೋಡುತ್ತಾ. "ನನ್ನದು ಆ ಕೆಲಸಕ್ಕೂ ಬರುತ್ತೋ ಏನೋ ಅಂತ. ನೀವ್ಯಾಕೆ?"

"ಮನಸ್ಸು ಒಂಚೂರು ಗಟ್ಟಿಯಾಗ್ಲಿ ಅಂತ ಕೊಟ್ಟೆ ಮಾರಾಯ್ರೆ. ಹನುಮಕ್ಕ, ನೀವು ದೊಡ್ಡೋರು. ನೀವೂ ಹಿಂಗೆ ಮಾಡೋದಾ?"

"ದಿನಾ ಬಂದು ಬಾಗಿಲಲ್ಲಿ ನಿಲ್ತಿದ್ದಿದ್ದು ನಿನ್ನ ಮನೇಲಲ್ಲ, ನನ್ನ ಮನೇಲಿ" ಎಂದರು ಹನುಮಕ್ಕ. "ನಿನಗೇನು ಗೊತ್ತು."

ಹಾಲಪ್ಪಜ್ಜ ಟವೆಲಿನೊಳಗಿಂದ ಏನೋ ಹೇಳಿದರು. ಯಾರಿಗೂ ತಿಳಿಯಲಿಲ್ಲ. ಬಾಯಿ ತೆರೆಯಲಿ ಎಂದು ಕೊಟ್ಟೆ, ಎಂದಿದ್ದರೋ ಏನೋ. ರುದ್ರಣ್ಣ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು, "ನಾನೂ" ಎಂದೆ.

ಕೇಳದೆ ಬಂದ ಅರ್ಥಗಳು ಮಗುವಿಗೂ ಕೆಲಸಕ್ಕೆ ಬಂದಿರಲಿಲ್ಲ. ಬಿಚ್ಚದ ಗಂಟಿನ ಹಾಗೆ ಅವಳ ಮೈಮೇಲೆ ಸುಮ್ಮನೆ ಕೂತಿದ್ದವು. ಕೊಟ್ಟವರು ಕೈಚಾಚಿದರೆ ಹಿಂದೆ ಬರಲಿಲ್ಲ. ಮೇಷ್ಟ್ರು ಬೆನ್ನು ತಟ್ಟಿ ನೋಡಿದರು, ದಾದಾಪೀರ್ ಅಂಗೈ ಉಜ್ಜಿ ನೋಡಿದರು. ಹೊನ್ನಿ ನನ್ನ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿಬಿಟ್ಟಳು. ಕೊನೆಗೆ ಹನುಮಕ್ಕ ಜಗಲಿಯ ಮೇಲೆ ಕೂತು ಯೋಚಿಸಿ ಹೇಳಿದರು.

"ನಾವು ಕೊಡೋ ಮುಂಚೆ ಒಂದು ಕೇಳೋದು ಬಾಕಿ ಉಳೀತಲ್ಲ. ಅರ್ಥ ಇಟ್ಕೊಂಡೋರು ಈಗ ಅದನ್ನ ತೀರಿಸ್ಬೇಕು. ಮಗು ಕೇಳ್ಬೇಕು."

"ಏನು ಕೇಳ್ಬೇಕು?" ಎಂದೆ.

"ಏನಾದ್ರೂ ಆಗ್ಲಿ. ನಮ್ಮಲ್ಲೊಬ್ಬರನ್ನ ಕೇಳಿದ್ರೆ ಸಾಕು, ಎಲ್ಲರದ್ದೂ ಬಿಡುತ್ತೆ. ಆದ್ರೆ ನಿಜವಾಗಿ ಕೇಳ್ಬೇಕು. ತಿಳ್ಕೋಬೇಕು ಅಂತ ಮನಸಿಗೆ ಬಂದು ಕೇಳ್ಬೇಕು. ನಾವು ಹೇಳಿಕೊಟ್ಟಿದ್ದನ್ನ ಒಪ್ಪಿಸಿದ್ರೆ ಲೆಕ್ಕಕ್ಕಿಲ್ಲ."

ಹೇಳಿಕೊಡಬಾರದು ಎಂದ ಮೇಲೆ ಎಲ್ಲರೂ ಹೇಳಿಕೊಡಲು ಶುರು ಮಾಡಿದರು. "ಪುಟ್ಟಿ, ಟೈಮ್ ಎಷ್ಟು ಅಂತ ಕೇಳು ನೋಡೋಣ." "ಮಾಮ ನಿಮ್ಮ ಕಾಲಿಗೆ ಏನು ಮೆತ್ಕೊಂಡಿದೆ ಅಂತ ಕೇಳಮ್ಮ, ಎಷ್ಟು ಸುಲಭ." ಮೇಷ್ಟ್ರು ಸೀಟಿ ಊದಿ, "ಒಂದು, ಎರಡು, ಮೂರು, ಕೇಳು" ಎಂದರು. ರುದ್ರಣ್ಣ ಉಳಿದೆಲ್ಲಕ್ಕಿಂತ ಜೋರಾಗಿ ಕೆಮ್ಮಿದರು. ನೆರಿಗೆಯೊಳಗೆ ಅವಳ ಮುಖ ಬಿಸಿಯಾಗುತ್ತಿತ್ತು, ನನ್ನ ಮೊಣಕಾಲಿಗೆ ಅದು ತಿಳಿಯುತ್ತಿತ್ತು. ಒಂದು ಪ್ರಶ್ನೆಯನ್ನು ನಾನೇ ಅವಳ ಕಿವಿಗೆ ಹಾಕಿಬಿಡಲೇ ಎಂದು ಬಗ್ಗಿದೆ. ನಾಲಗೆಯ ತುದಿಗೇ ಬಂದಿತ್ತು. ಆದರೆ ಒಂದು ಸಲ ಮೂಗು ಹಿಡಿದುಕೊಂಡು ಕೇಳಿ ಏನಾಯಿತೆಂದು ನನಗೆ ಗೊತ್ತಿತ್ತು. ನೆಟ್ಟಗಾದೆ.

"ಯಾರೂ ಅವಳನ್ನ ಮಾತಾಡಿಸಬೇಡಿ" ಎಂದೆ. "ಕಟ್ಟೆ ಗಂಜಿಯಾಗೇ ಇರ್ಲಿ ದಾದಾಪೀರಣ್ಣ. ಕೋಳಿಗಳನ್ನ ಎತ್ತಿ ಬಿಟ್ರಾಯ್ತು. ಮೇಷ್ಟ್ರೇ, ಆ ಹುಡುಗ ಹುಡುಗಿ ಊರು ಕೇಳ್ಕೊಳ್ಳಲಿ, ಒಳ್ಳೇದೇ. ಅವಳಿಗೆ ಬರೋವಾಗ ಬರುತ್ತೆ. ಬರದಿದ್ರೆ ನಾನು ನಿಮ್ಮೆಲ್ಲರ ಮನೆಗೂ ಬಂದು ತಪ್ಪಾಯ್ತು ಅಂತೀನಿ. ಎಲ್ಲರೂ ಕೂತ್ಕೊಳ್ಳಿ, ತಿಂಡಿ ಆಗಿರಲ್ಲ ಯಾರಿಗೂ."

ಕೂತರು. ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟೆ. ದೋಸೆಗಳನ್ನು ತಟ್ಟೆಗೊಂದರಂತೆ ಹಾಕಿದೆ. ರುದ್ರಣ್ಣ ಬೇರೆಯವರ ಕೈಯ ದೋಸೆ ತಿಂದು ಎಷ್ಟೋ ಕಾಲವಾಗಿತ್ತಂತೆ, ಹುಳಿ ಸ್ವಲ್ಪ ಕಮ್ಮಿ ಎಂದು ಹೇಳಿಯೂ ಮತ್ತೊಂದು ಹಾಕಿಸಿಕೊಂಡರು. ದಾದಾಪೀರ್ ಕೋಳಿಗಳು ಈಜಿದ ಬಗೆಯನ್ನು ಕೈ ಆಡಿಸಿ ತೋರಿಸಿದರು, ಹನುಮಕ್ಕ ನಗುತ್ತಾ ಚಹಾ ಚೆಲ್ಲಿಕೊಂಡರು. ಪೆಟ್ಟಿಗೆ ಹಿಡಿದ ಸೊಸೆ ಒಂದೇ ಕೈಯಲ್ಲಿ ತಿನ್ನಲಾರದೆ ಪೆಟ್ಟಿಗೆಯನ್ನು ಕೆಳಗಿಟ್ಟಳು. ಯಾರೂ ಹೊನ್ನಿಯ ಕಡೆ ನೋಡಲಿಲ್ಲ. ನೋಡಬಾರದೆಂದು ಅಷ್ಟು ಕಷ್ಟಪಟ್ಟು ನೋಡದೆ ಕೂತವರನ್ನು ನಾನು ಕಂಡಿಲ್ಲ. ಅವಳು ನನ್ನ ಹಿಂದೆ, ಹೊಸ್ತಿಲ ಒಳಗೆ, ನನ್ನ ಸೆರಗು ಹಿಡಿದು ನಿಂತಿದ್ದಳು.

ಹಾಲಪ್ಪಜ್ಜ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಹಸಿವು ನಾಚಿಕೆಗಿಂತ ದೊಡ್ಡದಾಗಿರಬೇಕು, ಟವೆಲು ಬಿಚ್ಚಿ, ನಾನು ಚಹಾದ ಜೊತೆ ಇಟ್ಟಿದ್ದ ಒಂದು ರಸ್ಕನ್ನು ಚಹಾಕ್ಕೆ ಅದ್ದಿ ಬಾಯಿಗಿಟ್ಟರು. ಅದು ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ನೂಕಿದರು. ಎರಡೂ ಕೆನ್ನೆ ಗುಳಿಬಿದ್ದು ಒಂದಕ್ಕೊಂದು ತಾಗಿದವೇನೋ ಎನ್ನುವಂತಾಯಿತು. ಗಲ್ಲ ಮೇಲೆ ಹೋಗಿ ಮೂಗನ್ನು ಮುಟ್ಟಿತು. ರಸ್ಕಿನ ತುಂಡೊಂದು ಮುರಿದು ಲೋಟದೊಳಗೆ ಬಿತ್ತು. ಅಜ್ಜ ಅದನ್ನು ಬೆರಳಿನಿಂದ ಹುಡುಕುತ್ತಾ, ಹುಡುಕುತ್ತಾ, ಈ ಕಡೆ ತಿರುಗಿದರು.

ನನ್ನ ಸೆರಗಿನ ಮೇಲಿನ ಹಿಡಿತ ಸಡಿಲವಾಯಿತು. ಹೊನ್ನಿ ಪಕ್ಕದಿಂದ ಹಾದು ಹೊಸ್ತಿಲು ದಾಟಿದಳು. ದಾದಾಪೀರ್ ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದರು. ರುದ್ರಣ್ಣ ಬಂದ ಕೆಮ್ಮನ್ನು ನುಂಗಿಕೊಂಡರು, ಕಣ್ಣಲ್ಲಿ ನೀರು ಬಂತು. ಅವಳು ಅಜ್ಜನ ಮುಂದೆ ಹೋಗಿ ನಿಂತಳು, ಮೊಣಕಾಲಿಗೆ ಕೈಯೂರಿ ಬಗ್ಗಿದಳು, ಅವರ ಬಾಯೊಳಗೆ ಮೇಲೆ, ಕೆಳಗೆ, ಎರಡೂ ಪಕ್ಕ ಚೆನ್ನಾಗಿ ನೋಡಿದಳು.

"ಅಜ್ಜ," ಎಂದಳು, ಬೀದಿಗೆಲ್ಲ ಕೇಳುವ ಹಾಗೆ, "ನಿಮ್ಮ ಹಲ್ಲೆಲ್ಲ ಎಲ್ಲಿಗೆ ಹೋದ್ವು?"